ಆರುನೂರು ರೂಪಾಯಿಗೆ ಮಾರಿದ ರಿವಾಲ್ವರ್

ನಮ್ಮ ಮನೆತನದಲ್ಲಿ ತೀರದ ವಾದ ಒಂದಿದೆ. ಮುತ್ಯಾನ, ಅಂದರೆ ನಮ್ಮ ಅಜ್ಜನ, ರಿವಾಲ್ವರನ್ನು ನಮ್ಮಪ್ಪ ಮಣ್ಣಿನ ಬೆಲೆಗೆ ಮಾರಿಬಿಟ್ಟ ಎಂಬುದೇ ಆ ವಾದ. ಮದುವೆಯಿರಲಿ, ಜವಳವಿರಲಿ, ವರ್ಷದ ತಿಥಿಯಿರಲಿ, ಊಟ ಮುಗಿದು ಎಲೆ-ಅಡಿಕೆಯ ತಟ್ಟೆ ಬಂತೆಂದರೆ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ. ದೊಡ್ಡಪ್ಪ ಬದುಕಿದ್ದಾಗ ಅವನ ಮಾತು ಬಹಳ ಖಾರ. "ಹಲಗಲಿ ಮಂದಿ ಜೀವಾ ಕೊಟ್ರು, ಹತಾರ ಕೊಡ್ಲಿಲ್ಲ. ನಮ್ಮ ತಮ್ಮ ಆರ್ನೂರು ರೂಪಾಯಿಗಿ ಹತಾರ ಕೊಟ್ಟು ಬಂದ" ಅನ್ನುತ್ತಿದ್ದ. ಅಪ್ಪ ಎದುರಿಗೇ ಕೂತಿರುತ್ತಿದ್ದ. ಒಮ್ಮೆಯೂ ತಿರುಗಿ ಮಾತಾಡಲಿಲ್ಲ.

ಈ ಭಾಗದವರಿಗೆ ಹಲಗಲಿಯ ಹೆಸರು ಎಷ್ಟು ಆಳಕ್ಕೆ ನಾಟುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 1857ರಲ್ಲಿ ಕಂಪನಿ ಸರಕಾರ ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದು ನಿಂತರು. ದಂಡು ಬಂತು, ಊರು ಸುಟ್ಟಿತು, ಹಲವರನ್ನು ನೇಣಿಗೆ ಹಾಕಿದರು. ಜಡಗ, ಬಾಲ, ಹನುಮ, ರಾಮರ ಹೆಸರು ಲಾವಣಿಯಲ್ಲಿ ಇವತ್ತಿಗೂ ಉಳಿದಿದೆ. ಅಂಥವರ ಪಕ್ಕದಲ್ಲಿ ತನ್ನನ್ನು ನಿಲ್ಲಿಸಿ ತೂಗಿದರೆ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರ ಏನು ಹೇಳಬೇಕು?

ಅಪ್ಪ ಈಗಿಲ್ಲ, ದೊಡ್ಡಪ್ಪನೂ ಇಲ್ಲ. ವಾದವನ್ನು ಈಗ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಮುಂದುವರಿಸಿದ್ದಾನೆ. ಈಚೆಗೆ ಅವನು ಮೊಬೈಲಿನಲ್ಲಿ ಒಂದು ವೆಬ್ಲಿ ರಿವಾಲ್ವರಿನ ಚಿತ್ರ ತೋರಿಸಿ, "ಇದ ನೋಡು, ಮುತ್ಯಾಂದು ಹಿಂಗ ಇತ್ತು. ಇವತ್ತ ಐದಾರು ಲಕ್ಷ ಬಾಳತೈತಿ" ಎಂದ. ಆಗ ನನಗೆ ಅನ್ನಿಸಿತು, ಬೆಲೆಯ ಮಾತು ಆಡುವುದಕ್ಕೆ ಮೊದಲು ವಸ್ತು ಯಾವುದು ಎಂದು ಯಾರೂ ನೋಡಿಯೇ ಇಲ್ಲವಲ್ಲ ಎಂದು. ನಾನು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹದ್ದು ಗೊತ್ತಾಗದೆ ಹೊಲದ ಕಿಮ್ಮತ್ತು ಕಟ್ಟುವುದು ನನ್ನಿಂದ ಆಗದ ಮಾತು.

ಬರೆಯಲು ಸ್ವಲ್ಪ ಹಿಂದೇಟು ಹಾಕಿದೆ ಎಂಬುದನ್ನೂ ಹೇಳುತ್ತೇನೆ. ವಿಜಯಪುರ ಜಿಲ್ಲೆಯವನು ಪಿಸ್ತೂಲಿನ ಸುದ್ದಿ ತೆಗೆದರೆ ಕೇಳುವವರ ಮನಸ್ಸು ನೇರ ಭೀಮಾ ತೀರದ ಕಂಟ್ರಿ ಪಿಸ್ತೂಲಿಗೆ ಹೋಗುತ್ತದೆ, ವೈರ, ಕೊಲೆ, ಪೇಪರಿನ ದೊಡ್ಡ ಅಕ್ಷರ. ಆ ರಕ್ತದಿಂದ ನಮ್ಮ ಊರುಗಳು ಅನುಭವಿಸಿದ್ದು ಸಾಕಷ್ಟಿದೆ. ನಾನು ಬರೆಯುತ್ತಿರುವುದು ಸರಕಾರದ ಪುಸ್ತಕದಲ್ಲಿ ನಂಬರು ಹತ್ತಿದ್ದ, ಒಮ್ಮೆಯೂ ಮನುಷ್ಯನ ಮೇಲೆ ಹಾರದ ಒಂದು ಆಯುಧದ ಬಗ್ಗೆ.

ಮುತ್ಯಾ ಸಿಂದಗಿ ತಾಲೂಕಿನ ಭೀಮೆಯ ದಂಡೆಯ ಹಳ್ಳಿಯೊಂದರ ಪೊಲೀಸ್ ಗೌಡ. ಆಗ ನಮ್ಮದು ಮುಂಬಯಿ ಪ್ರಾಂತ. ಹೊಳೆಯ ಆಚೆ ದಂಡೆ ನಿಜಾಮನ ರಾಜ್ಯ. 1947ರ ಕೊನೆಯಿಂದ 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗುವ ತನಕ ಗಡಿಯ ಹಳ್ಳಿಗಳು ರಜಾಕಾರರ ಅಂಜಿಕೆಯಲ್ಲಿ ರಾತ್ರಿ ಕಳೆದವು. ಆಚೆಯಿಂದ ಗಂಟುಮೂಟೆ ಕಟ್ಟಿಕೊಂಡು ಹೊಳೆ ದಾಟಿ ಬಂದವರಿಗೆ ನಮ್ಮ ಮನೆಯ ಪಡಸಾಲೆಯಲ್ಲಿ ರೊಟ್ಟಿ ಬಡಿಸಿದ್ದನ್ನು ಮುತ್ಯಾನ ಮಗಳು, ನಮ್ಮ ಅತ್ತಿ, ಇವತ್ತಿಗೂ ನೆನೆಯುತ್ತಾಳೆ. ಮುತ್ಯಾ ರಿವಾಲ್ವರ್ ತಂದದ್ದು ಆ ವರ್ಷವೇ. ಲೈಸನ್ಸಿನ ಮೊದಲ ಸಹಿ 1948ರದು, ಖರೀದಿಯ ಶಿಕ್ಕೆ ಸೋಲಾಪುರದ ಅಂಗಡಿಯದು.

ನಮ್ಮ ಬಳಿ ಉಳಿದಿರುವುದು ಮೂರೇ ಪುರಾವೆ: ಲೈಸನ್ಸಿನ ಪುಸ್ತಕಗಳು, ಒಂದು ಚರ್ಮದ ಹೋಲ್‌ಸ್ಟರು, ಮತ್ತು ಎಂಬತ್ತು ದಾಟಿದ ಅತ್ತಿಯ ನೆನಪು.

ಪುಸ್ತಕ ಎರಡು. ಒಂದು 1878ರ ಹಳೇ ಆಯುಧ ಕಾಯ್ದೆಯ ಕಾಲದ್ದು, ಇನ್ನೊಂದು 1959ರ ಕಾಯ್ದೆ 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೇಲಿನದು. ನವೀಕರಣದ ಶಿಕ್ಕೆಗಳನ್ನು ಒಂದರ ಹಿಂದೊಂದು ನೋಡುತ್ತ ಹೋದರೆ ನಾಡಿನ ಇತಿಹಾಸವೇ ಹಾಯ್ದುಹೋಗುತ್ತದೆ: ಮೊದಲು ಮುಂಬಯಿ, 1956ರ ಏಕೀಕರಣದ ನಂತರ ಮೈಸೂರು, ಕಟ್ಟಕಡೆಯದು 1973ರ ನವೆಂಬರಿನ ಆಚೆಯ ಕರ್ನಾಟಕ. ಹಳೇ ಪುಸ್ತಕದಲ್ಲಿ ಆಯುಧದ ವಿವರ ಎಂಬ ಕಾಲಮ್ಮಿನಲ್ಲಿ ನೀಲಿ ಶಾಯಿಯ ಓರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವುದು ಇಷ್ಟು: ರಿವಾಲ್ವರ್ ಒಂದು, .32 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ), ಐದು ಗುಂಡಿನದು, ನಂಬರು ಇಂತಿಷ್ಟು. ತಯಾರಕರ ಹೆಸರಿಲ್ಲ. ಆ ಹೆಸರಿಲ್ಲದ ಜಾಗದಲ್ಲಿಯೇ ನಮ್ಮ ಮನೆತನ 'ವೆಬ್ಲಿ' ಎಂದು ಬರೆದುಕೊಂಡದ್ದು.

ಹಂಗೆ ಬರೆದುಕೊಂಡದ್ದಕ್ಕೂ ಕಾರಣವಿದೆ. ನಮ್ಮ ಕಡೆ ವಿಲಾಯತಿ ರಿವಾಲ್ವರ್ ಅಂದರೆ ವೆಬ್ಲಿಯೇ. ಬರ್ಮಿಂಗ್‌ಹ್ಯಾಮಿನ ಆ ಕಂಪನಿಯ .455 ಬೋರಿನ ರಿವಾಲ್ವರು 1887ರಲ್ಲಿ ಬ್ರಿಟಿಷ್ ಸೈನ್ಯ ಸೇರಿತು. 1915ರಲ್ಲಿ ಬಂದ ಆರನೇ ಮಾದರಿ ಎರಡೂ ಮಹಾಯುದ್ಧ ಕಂಡಿತು. ನಮ್ಮ ದೇಶದಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುವ .32 ರಿವಾಲ್ವರಿನ ಮೂಲವೂ ವೆಬ್ಲಿಯದೇ ಮಾದರಿ. ಬೆಳಗಾವಿಯ ಕ್ಯಾಂಪಿನಿಂದ ಪಿಂಚಣಿ ಪಡೆದು ಊರಿಗೆ ಬಂದ ಮರಾಠಾ ಪಲ್ಟಣದ ಸಿಪಾಯಿಗಳು ಸಾಹೇಬರ ಸೊಂಟದಲ್ಲಿ ನೋಡಿದ್ದೂ ಅದನ್ನೇ. ಹೀಗಾಗಿ ಹಳ್ಳಿಯಲ್ಲಿ ರಿವಾಲ್ವರ್ ಕಂಡಾಗಲೆಲ್ಲ ಅದಕ್ಕೆ ಆ ಹೆಸರು ಅಂಟಿತು.

ಆದರೆ ಸೈನ್ಯದ ವೆಬ್ಲಿ ನಮ್ಮದಾಗಿರಲು ಸಾಧ್ಯವಿಲ್ಲ ಎಂಬುದು ಪುಸ್ತಕದಿಂದಲೇ ಸ್ಪಷ್ಟ. ಬೋರ್ ಬೇರೆ. 1962ರ ನಿಯಮಗಳಲ್ಲಿ .380 ಮತ್ತು .455ರ ಗುಂಡು ಹಿಡಿಯುವ ರಿವಾಲ್ವರುಗಳು ಸೈನ್ಯದ ಗುಂಡು ಹಾರಿಸಬಲ್ಲವು ಎಂಬ ಕಾರಣಕ್ಕೆ ನಿಷೇಧಿತ ಬೋರಿನ ಪಟ್ಟಿಗೆ ಸೇರಿವೆ. ಸಾಮಾನ್ಯ ಲೈಸನ್ಸಿಗೆ ಸಿಗುವುದು .32ರಂಥವು. ನಮ್ಮ ದೇಶದ ಹಳೇ ರಿವಾಲ್ವರುಗಳಲ್ಲಿ .32 ಅಷ್ಟು ಕಾಣುವುದು ಇದರಿಂದಲೇ. ಬೋರ್ ಎನ್ನುವುದು ಬರೀ ಅಳತೆಯಲ್ಲ, ಯಾರ ಕೈಯಲ್ಲಿ ಇರಬಹುದು ಎಂಬ ಸರಕಾರದ ತೀರ್ಪೂ ಹೌದು.

ಇನ್ನು ವೆಬ್ಲಿಯದೇ .32 ಇರಬಹುದಲ್ಲ? ಅಣ್ಣನ ಪ್ರಶ್ನೆ ನ್ಯಾಯವಾದದ್ದೇ. ವೆಬ್ಲಿಯವರು ಜೇಬಿನಲ್ಲಿಡುವ ಸಣ್ಣ .32ಗಳನ್ನೂ ಮಾಡಿದ್ದಾರೆ, ಮತ್ತು ಅವು ಮುರಿದು ತೆರೆಯುವ, ಅಂದರೆ ನಳಿಗೆಯನ್ನು ಕೆಳಗೆ ಬಾಗಿಸಿ ತೆರೆಯುವ, ಜಾತಿಯವೇ. ಆದರೆ ಆ ಜೇಬಿನ ವೆಬ್ಲಿಯಲ್ಲಿ ಗುಂಡು ಆರು. ಐದು ಗುಂಡಿನ ವೆಬ್ಲಿಗಳೂ ಇವೆ, ಬುಲ್‌ಡಾಗ್ ಎಂದು ಕರೆಯುವ ಮೋಟು ನಳಿಗೆಯವು. ಅವು ತೆರೆಯುವುದಿಲ್ಲ, ಇಡೀ ಚೌಕಟ್ಟು ಒಂದೇ ತುಂಡು, ಪಕ್ಕದ ಸಣ್ಣ ಬಾಗಿಲಿನಿಂದ ಒಂದೊಂದೇ ಗುಂಡು ತುಂಬಬೇಕು. ಅಂದರೆ ಐದು ಗುಂಡಿನದು, .32 ಬೋರಿನದು, ಮುರಿದು ತೆರೆಯುವುದು ಎಂದಾದರೆ ಕಣ್ಣು ಇಂಗ್ಲೆಂಡಿನಿಂದ ಅಮೆರಿಕದ ಕಡೆಗೋ ಬೆಲ್ಜಿಯಮ್ಮಿನ ಕಡೆಗೋ ಹೊರಳಬೇಕು. ನಮ್ಮದು ಹೇಗೆ ತೆರೆಯುತ್ತಿತ್ತು?

ಇದಕ್ಕೆ ಉತ್ತರ ಸಿಕ್ಕಿದ್ದು ಅತ್ತಿಯಿಂದ. ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹತಾರದ ಮಾತು ಗಂಡಸರ ಮಾತು ಎಂದು ನಮ್ಮಲ್ಲಿ ಒಂದು ರೂಢಿ. ಕೇಳಿದಾಗ ಕಣ್ಣಿಗೆ ಕಟ್ಟುವಂತೆ ಹೇಳಿದಳು. ಮುತ್ಯಾ ಖಂಡೇನವಮಿಗೆ ರಿವಾಲ್ವರನ್ನು ಸ್ವಚ್ಛ ಮಾಡುತ್ತಿದ್ದ. ಹ್ಯಾಮರಿನ ಮುಂದೆ, ನೆತ್ತಿಯ ಮೇಲಿನ ಚಿಮಟಿಯಂಥದ್ದನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಎತ್ತಿ ನಳಿಗೆಯನ್ನು ಕೆಳಗೆ ಬಾಗಿಸುತ್ತಿದ್ದ. "ಬಾಗಿಸಿದ ಕೂಡ್ಲೇ ಐದೂ ಕಾಡತೂಸ ಒಮ್ಮೆಲೇ ಮ್ಯಾಲ ಎದ್ದು ಬರ್ತಿದ್ದವು ತಮ್ಮಾ. ನಾವು ಅದನ್ನ ನೋಡಾಕ ಸುತ್ತ ಕುಂದರ್ತಿದ್ವಿ."

ವೆಬ್ಲಿ ಹೀಗೆ ತೆರೆಯುವುದಿಲ್ಲ. ವೆಬ್ಲಿಯಲ್ಲಿ ಎಡಗಡೆ ಹೆಬ್ಬೆರಳಿಗೆ ಸಿಗುವ ಒಂದು ಸನ್ನೆಕೋಲಿದೆ, ಅದನ್ನು ಒತ್ತಿದರೆ ಮೇಲಿನ ಕುದುರೆರಿಕಾಪಿನ ಆಕಾರದ ಚಿಲಕ ಹಿಂದೆ ಸರಿಯುತ್ತದೆ. ನೆತ್ತಿಯ ಹಿಡಿಯನ್ನು ಬೆರಳಿನಿಂದ ಎತ್ತಿ ತೆರೆಯುವುದು ಸ್ಮಿತ್ ಅಂಡ್ ವೆಸನ್ ಮತ್ತು ಅದನ್ನು ಅನುಸರಿಸಿದ ಅಮೆರಿಕದ ಕಂಪನಿಗಳ ಪದ್ಧತಿ. ಲೀಜ್ ಪಟ್ಟಣದ ಬೆಲ್ಜಿಯನ್ನರೂ ಅದನ್ನು ನಕಲು ಮಾಡಿದರು. ಅವರ ಮಾಲಿನಲ್ಲಿ ಅಂಡಾಕಾರದ ಒಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರದ ಪರೀಕ್ಷಾ ಮುದ್ರೆ ಇರುತ್ತದೆ. ಆಯುಧ ಕೈಯಲ್ಲಿದ್ದರೆ ಆ ಮುದ್ರೆ ಹುಡುಕಿ ನೋಡಿದರೆ ಸಾಕು. ಕೈಯಲ್ಲಿಲ್ಲದ್ದಕ್ಕೆ ಅತ್ತಿಯ ಮುಂದಿನ ಮಾತು ಬೇಕಾಯಿತು.

"ಆಯಿ ಅದಕ್ಕ ಕುಂಕುಮ ಹಚ್ಚುವಾಗ ಹಿಡಿಕಿಗಿ ಮುಟ್ಟತಿದ್ದಿಲ್ಲ. ನಳಿಗಿಗಿ ಅಷ್ಟ ಹಚ್ಚತಿದ್ಲು. ಹಿಡಿಕಿ ಮ್ಯಾಲ ಗೂಬಿ ಇತ್ತಲ್ಲೋ!"

ನಮ್ಮಲ್ಲಿ ಗೂಬೆ ಮನೆಯ ಜಂತಿಯ ಮೇಲೆ ಕೂತರೂ ಶಾಂತಿ ಮಾಡಿಸುವವರಿದ್ದಾರೆ. ಅಂಥದ್ದು ಹಬ್ಬದ ದಿನ ದೇವರ ಮುಂದೆ, ಕುಡ ಕುಡುಗೋಲಿನ ಸಾಲಿನಲ್ಲಿ ಕೂತರೆ ಆಯಿ ಕುಂಕುಮ ಹೇಗೆ ಹಚ್ಚಿಯಾಳು? ಸಾಕ್ಷಿ ಎಂದರೆ ಇದು ಎಂದು ನನಗೆ ಅನ್ನಿಸಿತು. ಕಂಪನಿಯ ಹೆಸರು, ಬೋರು, ಮಾದರಿ ಒಂದೂ ಗೊತ್ತಿರದ ಒಬ್ಬ ಹುಡುಗಿ, ವರ್ಷ ವರ್ಷವೂ ತನ್ನ ತಾಯಿ ಕೈ ಹಿಂದೆಳೆದುಕೊಂಡದ್ದನ್ನು ನೋಡಿ ನೆನಪಿಟ್ಟುಕೊಂಡದ್ದು. ಇದರಲ್ಲಿ ಕಟ್ಟುಕತೆಗೆ ಜಾಗವಿಲ್ಲ.

ಹಿಡಿಕೆಯ ಚಿತ್ರ ಒಂದೊಂದು ಕಂಪನಿಗೆ ಒಂದೊಂದು. ಕೋಲ್ಟ್‌ನದು ಮುಂಗಾಲೆತ್ತಿದ ಕುದುರೆ. ಸ್ಮಿತ್ ಅಂಡ್ ವೆಸನ್ನಿನದು ಹೆಣೆದ ಅಕ್ಷರ. ವೆಬ್ಲಿಯದು ರೆಕ್ಕೆ ಮೂಡಿದ ಗುಂಡು. ಗೂಬೆಯ ತಲೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಿಚ್‌ಬರ್ಗಿನ ಐವರ್ ಜಾನ್ಸನ್ ಕಂಪನಿಯದು. ಕಪ್ಪು ಗಟ್ಟಿ ರಬ್ಬರಿನ ಹಿಡಿಕೆ, ಅದರ ಮೇಲ್ತುದಿಯಲ್ಲಿ ದುಂಡಗಿನ ಚೌಕಟ್ಟಿನಲ್ಲಿ ಗೂಬೆಯ ತಲೆ. ಈ ಕಂಪನಿ ರಿವಾಲ್ವರಿನ ಜೊತೆಗೆ ಸೈಕಲ್ಲನ್ನೂ ಮಾಡುತ್ತಿತ್ತು. 1894ರಿಂದ ಅವರು ಮಾಡಿದ ಸೇಫ್ಟಿ ಆಟೊಮ್ಯಾಟಿಕ್ ಎಂಬ ಮಾದರಿಯಲ್ಲಿ ಬಾಗಿಸಿದ ತಕ್ಷಣ ಗುಂಡುಗಳು ತಾವೇ ಮೇಲೇಳುತ್ತವೆ. ಸೇಫ್ಟಿ ಅಂದದ್ದಕ್ಕೂ ಅರ್ಥವಿತ್ತು: ಹ್ಯಾಮರು ಗುಂಡನ್ನು ಚುಚ್ಚಿ ಹಾರಿಸುವ ಸೂಜಿಗೆ ನೇರವಾಗಿ ಬಡಿಯುವುದಿಲ್ಲ. ಟ್ರಿಗರ್ ಪೂರಾ ಎಳೆದಾಗ ಮಾತ್ರ ಒಂದು ಸಣ್ಣ ಪಟ್ಟಿ ಮೇಲೆ ಬಂದು ಹ್ಯಾಮರಿನ ಹೊಡೆತವನ್ನು ಸೂಜಿಗೆ ದಾಟಿಸುತ್ತದೆ. ಕೆಳಗೆ ಬಿದ್ದರೂ ಹಾರದು. ಸುತ್ತಿಗೆಯಿಂದ ಹ್ಯಾಮರನ್ನು ಬಡಿಯಿರಿ ಎಂದೇ ಕಂಪನಿ ಜಾಹೀರಾತು ಕೊಟ್ಟಿತ್ತು. ಅವರ ಇನ್ನೊಂದು ಜಾಹೀರಾತಿನಲ್ಲಿ ರಾತ್ರಿಯುಡುಪಿನ ಪುಟ್ಟ ಹುಡುಗಿ ಹಾಸಿಗೆಯಲ್ಲಿ ಕೂತು ರಿವಾಲ್ವರನ್ನು ಆಟಿಕೆಯಂತೆ ಹಿಡಿದಿದ್ದಾಳೆ. ಆ ಚಿತ್ರ ನೋಡಿ ನನ್ನ ಮೈ ಜುಮ್ಮೆಂದಿತು. ಯಂತ್ರ ಎಷ್ಟೇ ಚೆನ್ನಾಗಿರಲಿ, ಮಕ್ಕಳ ಕೈಗೆ ಅದನ್ನು ಕೊಟ್ಟು ಮಾರಬಾರದಿತ್ತು. ಮುತ್ಯಾ ತನ್ನದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ, ಗುಂಡನ್ನು ಬೇರೆ ಕೋಣೆಯ ಮಾಡದಲ್ಲಿ ಇಡುತ್ತಿದ್ದನೆಂದು ಅತ್ತಿ ಹೇಳುತ್ತಾಳೆ.

ಮಾದರಿಯ ಒಳಗೂ ಎರಡು ಕಾಲವಿದೆ. 1909ಕ್ಕೆ ಮೊದಲಿನವು ಕಪ್ಪು ಮದ್ದಿನ ಒತ್ತಡಕ್ಕೆ ಮಾಡಿದವು. 1909ರಿಂದ ಮುಂದಿನವು ಹೊಗೆರಹಿತ ಮದ್ದಿಗೆ ತಾಳುವಂತೆ ಬಲಗೊಂಡು, ಪಟ್ಟಿಯ ಸ್ಪ್ರಿಂಗಿನ ಬದಲು ಸುರುಳಿಯ ಸ್ಪ್ರಿಂಗ್ ಪಡೆದವು. ಕಪ್ಪು ಮದ್ದಿನ ಕಾಲದ್ದಕ್ಕೆ ಈಗಿನ ಗುಂಡು ಹಾಕಿದರೆ ಹಿಡಿದವನ ಕೈಗೇ ಅಪಾಯ, ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ. ಅದನ್ನು ಹೊರಗಿನಿಂದ ಗುರುತಿಸಲು ಬಲ್ಲವರು ನೋಡುವುದು ಗೂಬೆಯ ಮುಖವನ್ನೇ. ಹಳೆಯವುಗಳಲ್ಲಿ ಗೂಬೆ ನಳಿಗೆಯ ಕಡೆ ನೋಡುತ್ತದೆ, ಹೊಸವುಗಳಲ್ಲಿ ಹಿಡಿದವನ ಕಡೆ. ಹಿಡಿಕೆ ಬದಲಾಯಿಸಿರಬಹುದು, ಅದೊಂದನ್ನೇ ನಂಬಿ ಯಾರೂ ಗುಂಡು ತುಂಬಬಾರದು. ಆದರೂ ಅತ್ತಿಯನ್ನು ಕೇಳಿದೆ, ಗೂಬೆ ಯಾವ ಕಡೆ ನೋಡುತ್ತಿತ್ತು ಎಂದು. ತಡವಿಲ್ಲದೆ ಹೇಳಿದಳು: "ಅಪ್ಪನ್ನ ನೋಡ್ತಿತ್ತು. ಕೈಯಾಗ ಹಿಡದ್ರ ಅಪ್ಪನ್ನ ನೋಡ್ತಿತ್ತು."

ಹೋಲ್‌ಸ್ಟರನ್ನು ಆಮೇಲೆ ಅಳೆದೆ. ಚರ್ಮ ಒಣಗಿ ಬೆಂಡಾಗಿದೆ, ಗುಂಡಿ ಕಿತ್ತುಹೋಗಿದೆ. ಆದರೆ ಚರ್ಮಕ್ಕೆ ಮರೆವಿಲ್ಲ. ಒಳಗೆ ಟಾರ್ಚು ಬಿಟ್ಟು ನೋಡಿದರೆ ನಳಿಗೆ ಕೂತ ಗೆರೆ, ಸಿಲಿಂಡರು ಒತ್ತಿ ಉಬ್ಬಿಸಿದ ಜಾಗ, ಅದರ ಮೇಲೆ ನೆತ್ತಿಯ ಹಿಡಿ ಉಜ್ಜಿ ಉಜ್ಜಿ ನುಣುಪಾದ ಎರಡು ಕಲೆ, ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ನಳಿಗೆಯ ಗೆರೆ ಮೂರು ಇಂಚು. ಇಡೀ ಹೋಲ್‌ಸ್ಟರು ನನ್ನ ಒಂದು ಗೇಣಿಗಿಂತ ಕಡಿಮೆ. ಸೈನ್ಯದ ಆರನೇ ಮಾದರಿಯ ವೆಬ್ಲಿಗೆ ನಳಿಗೆಯೊಂದೇ ಆರು ಇಂಚು, ತೂಕ ಒಂದು ಕಿಲೋ ಮೀರಿದ್ದು. ಅದು ಇದರಲ್ಲಿ ಅರ್ಧವೂ ಇಳಿಯುವುದಿಲ್ಲ.

ಹೀಗೆ ಎಲ್ಲ ಕೂಡಿಸಿದ ಮೇಲೆ ಮುತ್ಯಾನದು ಐವರ್ ಜಾನ್ಸನ್, .32, ಐದು ಗುಂಡಿನ, ಮೂರು ಇಂಚು ನಳಿಗೆಯ, 1909ರ ನಂತರದ ರಿವಾಲ್ವರ್ ಎಂದು ನಾನು ಬರೆದುಕೊಂಡೆ.

ಈಗ ಬೆಲೆ.

ಐವರ್ ಜಾನ್ಸನ್ ಬಡವರ ರಿವಾಲ್ವರ್. ಅಮೆರಿಕದಲ್ಲಿ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಆರೇಳು ಡಾಲರಿಗೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತಿತ್ತು, ಲಕ್ಷಗಟ್ಟಲೆ ತಯಾರಾದವು. ಹೆಚ್ಚು ತಯಾರಾದದ್ದಕ್ಕೆ ಸಂಗ್ರಹಕಾರರಲ್ಲಿ ಬೆಲೆ ಏರುವುದಿಲ್ಲ. ಇವತ್ತಿಗೂ ಅಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಒಂದಕ್ಕೆ ಕೆಲವು ನೂರು ಡಾಲರ್ ಅಷ್ಟೇ. ಸ್ಥಿತಿ ಎಂದರೆ ನಿಕ್ಕಲ್ ಲೇಪ ಎಷ್ಟು ಉಳಿದಿದೆ, ನಳಿಗೆಯ ಒಳಗಿನ ಗೆರೆಗಳು ತುಕ್ಕು ತಿಂದಿವೆಯೇ, ಸಿಲಿಂಡರು ಅಲ್ಲಾಡುತ್ತದೆಯೇ, ಹಿಡಿಕೆ ಮೂಲದ್ದೇ ಎಂಬುದು. ಪಾಲಿಶ್ ಹಚ್ಚಿ ಥಳಥಳ ಮಾಡಿಸಿದರೆ ಬೆಲೆ ಹೆಚ್ಚುತ್ತದೆ ಎಂದು ನಮ್ಮ ಜನ ನಂಬಿದ್ದಾರೆ, ಆಗುವುದು ತಿರುಗುಮುರುಗು. ವೆಬ್ಲಿಯ ಉದಾಹರಣೆಯನ್ನೇ ತೆಗೆದುಕೊಂಡರೆ, ಅಮೆರಿಕಕ್ಕೆ ಹೋದ ಬಹಳಷ್ಟು .455 ವೆಬ್ಲಿಗಳ ಸಿಲಿಂಡರನ್ನು ಹಿಂದಿನಿಂದ ಸವೆಸಿ ಅಲ್ಲಿ ಸುಲಭವಾಗಿ ಸಿಗುವ .45 ಗುಂಡು ಹಿಡಿಸುವಂತೆ ಮಾಡಿದರು. ಸವೆಸದೆ ಉಳಿದ ಒಂದಕ್ಕೆ ಈಗ ಹೆಚ್ಚು ಹಣ ಕೊಡುತ್ತಾರೆ.

ಬೆಲೆ ಕಟ್ಟುವ ಇನ್ನೊಂದು ಶಕ್ತಿ ಆ ಆಯುಧದ ಚರಿತ್ರೆ, ಮತ್ತು ಅದನ್ನು ಸಾಬೀತು ಮಾಡುವ ನಂಬರು. 1901ರ ಸೆಪ್ಟೆಂಬರಿನಲ್ಲಿ ಬಫಲೋ ನಗರದಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿಯನ್ನು ಕೊಂದದ್ದು ಇದೇ ಐವರ್ ಜಾನ್ಸನ್ನಿನ .32. ಅದು ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ, ಅದಕ್ಕೆ ಯಾರೂ ಬೆಲೆ ಹೇಳಲಾರರು. ನಮ್ಮ ನೆಲದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. 1928ರಲ್ಲಿ ಲಾಹೋರಿನ ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸನ ಮೇಲೆ ಭಗತ್ ಸಿಂಗ್ ಹಾರಿಸಿದ .32 ಕೋಲ್ಟ್ ಪಿಸ್ತೂಲು ಇಂದೋರಿನ ಬಿಎಸ್‌ಎಫ್ ಆಯುಧ ಶಾಲೆಯಲ್ಲಿ ಕಪ್ಪು ಬಣ್ಣ ಬಳಿಸಿಕೊಂಡು, ಉಳಿದ ಹಳೇ ಪಿಸ್ತೂಲುಗಳ ನಡುವೆ ಒಂದಾಗಿ ಕೂತಿತ್ತು. ಬಣ್ಣ ಕೆರೆದು ನಂಬರು ನೋಡಿದಾಗ 168896 ಎಂದು ಬಂತು, ಹಳೇ ದಾಖಲೆಗೆ ಸರಿಹೋಯಿತು. ಈಗ ಅದು ಪಂಜಾಬಿನ ಹುಸೇನಿವಾಲಾದ ವಸ್ತುಸಂಗ್ರಹಾಲಯದಲ್ಲಿದೆ. ಆ ಆರಂಕಿ ಇಲ್ಲದಿದ್ದರೆ ಅದು ಇವತ್ತಿಗೂ ಹೆಸರಿಲ್ಲದ ಕಬ್ಬಿಣ.

ಚರಿತ್ರೆ ನೋಡದೆ ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನಮ್ಮ ವಿಜಯಪುರದಲ್ಲಿ ಬುರುಜಿನ ಮೇಲೆಯೇ ಕಾಣಬಹುದು. ಷರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಎರಕ ಹೊಯ್ದ ರೂಮಿಯ ಹೆಸರೂ, ಮುಂದೆ ಊರು ಗೆದ್ದ ಔರಂಗಜೇಬನ ಬರಹವೂ ಅದರ ಮೈಮೇಲೆ ಇವೆ. ಇಂಥ ತೋಪನ್ನು 1854ರಲ್ಲಿ ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಕೂಗಿದವನು ನೋಡಿದ್ದು ಲೋಹದ ತೂಕವನ್ನು. ಸಾಗಿಸುವ ಖರ್ಚು ಕಳೆದರೆ ಅವನ ಲೆಕ್ಕ ತಪ್ಪೂ ಅಲ್ಲ. ಬೇಸಿಗೆಯಲ್ಲೂ ತಣ್ಣಗಿರುವ ಆ ತೋಪಿಗೆ ಕೈ ತಾಗಿಸಿ ನಿಂತಾಗಲೆಲ್ಲ ನನಗೆ ಆ 150 ರೂಪಾಯಿ ನೆನಪಾಗಿ ಎದೆ ಹಿಂಡುತ್ತದೆ.

ಅಣ್ಣ ಹೇಳುವ ಐದಾರು ಲಕ್ಷವೂ ಸುಳ್ಳಲ್ಲ, ಆದರೆ ಅದು ಬೇರೆ ವಸ್ತುವಿಗೆ, ಬೇರೆ ಕಾಲಕ್ಕೆ ಸೇರಿದ್ದು. ಎಂಬತ್ತರ ದಶಕದಲ್ಲಿ ಸಾಮಾನ್ಯ ಲೈಸನ್ಸುದಾರರಿಗೆ ವಿದೇಶಿ ಆಯುಧದ ಆಮದು ನಿಂತಂತಾಯಿತು. ಅಲ್ಲಿಂದ ದೇಶದ ಒಳಗೆ ಇದ್ದ ವೆಬ್ಲಿ, ಸ್ಮಿತ್ ಅಂಡ್ ವೆಸನ್, ಕೋಲ್ಟ್‌ಗಳೇ ಕೈಯಿಂದ ಕೈಗೆ ತಿರುಗಬೇಕಾಗಿ ಬಂದು ಬೆಲೆ ಲಕ್ಷಗಳಿಗೆ ಏರಿತು. ಇಂಗ್ಲೆಂಡು ಅಮೆರಿಕಗಳಲ್ಲಿ ಇಲ್ಲದ ಬೆಲೆ ನಮ್ಮಲ್ಲಿ ಇರುವುದು ಉಕ್ಕಿನ ಗುಣದಿಂದಲ್ಲ, ಬಾಗಿಲು ಮುಚ್ಚಿದ್ದರಿಂದ. ಅಂಗಡಿ ಮುಚ್ಚಿ ಮನೆಯಲ್ಲಿರುವ ಬೆಳಗಾವಿಯ ಒಬ್ಬ ಹಿರಿಯ ಆಯುಧ ವ್ಯಾಪಾರಿ ನನಗೆ ಇದನ್ನೇ ವಿವರಿಸಿದರು. ಗೂಬೆಯ ರಿವಾಲ್ವರ್ ಎಂದ ಕೂಡಲೇ ಅವರು ತಲೆಯಾಡಿಸಿದರು. "ಅದು ಮಾರಾಕ ತ್ರಾಸ ರೀ. ಅದಕ್ಕ ಮೋಟ ಗುಂಡ ಬೇಕು. ನಮ್ಮಲ್ಲಿ ಸಿಗೂದು ಉದ್ದಂದು, ಅದು ಇದರಾಗ ಕೂಡೂದಿಲ್ಲ. ಗುಂಡ ಸಿಗಲಾರದ ಹತಾರ ಯಾರ ತಗೋತಾರ್ರೀ?" .32ರಲ್ಲೇ ಗಿಡ್ಡ ಗುಂಡು, ಉದ್ದ ಗುಂಡು ಎಂದು ಎರಡಿವೆ. ಉದ್ದನೆಯದು 1896ರಲ್ಲಿ ಬಂದದ್ದು, ನಮ್ಮ ಕಾರ್ಖಾನೆಗಳು ಮಾಡುವುದೂ ಅದನ್ನೇ. ಐವರ್ ಜಾನ್ಸನ್ನಿನ ಸಣ್ಣ ಸಿಲಿಂಡರು ಗಿಡ್ಡನೆಯದಕ್ಕೆ ಮಾಡಿದ್ದು.

ಇನ್ನು ಅಪ್ಪ ಮಾರಿದ್ದು 1975ರಲ್ಲಿ, ಮುತ್ಯಾ ತೀರಿದ ಮರುವರ್ಷ. ಲೈಸನ್ಸುದಾರ ಸತ್ತರೆ ಆ ಲೈಸನ್ಸು ಅಲ್ಲಿಗೇ ಮುಗಿಯಿತು. ವಾರಸುದಾರರು ಆಯುಧವನ್ನು ಠಾಣೆಯಲ್ಲೋ ಲೈಸನ್ಸು ಇರುವ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು ಎಂದು ಕಾಯ್ದೆಯ 21ನೇ ಕಲಮು ಹೇಳುತ್ತದೆ. ಆಮೇಲೆ ತಮ್ಮ ಹೆಸರಿಗೆ ಲೈಸನ್ಸು ಕೇಳಬಹುದು, ಇಲ್ಲವೇ ಮಾರಬಹುದು. ಅಪ್ಪ ಠೇವಣಿ ಇಟ್ಟ ರಸೀದಿ ಇದೆ, ಮಾರಿದ ರಸೀದಿಯೂ ಇದೆ. ಮನೆತನದ ಗೌಡಕಿಯ ವತನದಾರಿ 1963ರಲ್ಲೇ ಹೋಗಿತ್ತು. ಹೊಳೆಯ ಆಚೆಯೂ ನಮ್ಮದೇ ರಾಜ್ಯವಾಗಿ ಬಹಳ ವರ್ಷ ಕಳೆದಿತ್ತು. ಎಪ್ಪತ್ತೆರಡರ ಬರದಲ್ಲಿ ಮಾಡಿದ ಸೊಸೈಟಿಯ ಸಾಲ ಮಾತ್ರ ತಲೆಯ ಮೇಲಿತ್ತು. ಆ ಆರುನೂರು ಸೊಸೈಟಿಗೆ ಹೋಯಿತು, ಅದರ ಪಾವತಿಯನ್ನೂ ಅಪ್ಪ ಅದೇ ಕವರಿನಲ್ಲಿ ಇಟ್ಟಿದ್ದಾನೆ.

1975ರಲ್ಲಿ ಹತ್ತು ಗ್ರಾಂ ಬಂಗಾರಕ್ಕೆ 540 ರೂಪಾಯಿಯ ಆಸುಪಾಸು. ಅಂದರೆ ಗುಂಡು ಸಿಗದ, ಅಮೆರಿಕದಲ್ಲಿ ಆರೇಳು ಡಾಲರಿಗೆ ಹುಟ್ಟಿದ, ಸೋಲಾಪುರದಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡ ಒಂದು ಸಣ್ಣ ರಿವಾಲ್ವರಿಗೆ ಅಪ್ಪ ಹತ್ತು ಗ್ರಾಮಿಗೂ ಮಿಕ್ಕಿ ಬಂಗಾರದ ಬೆಲೆ ತಂದ. ಹತ್ತು ಗ್ರಾಂ ಬಂಗಾರ ಈಗ ಲಕ್ಷ ದಾಟಿದೆ. ಆ ರಿವಾಲ್ವರಿನ ಜೋಡಿ ಅಮೆರಿಕದ ಸಂಗ್ರಹಕಾರರ ಬಳಿ ಇಂದಿಗೂ ಅದರ ಕಾಲುಭಾಗಕ್ಕೆ ಸಿಗುತ್ತದೆ. ಅಪ್ಪ ಹತಾರ ಸೋವಿ ಮಾರಲಿಲ್ಲ. ಇದನ್ನು ಅವನ ಎದುರಿಗೆ, ಎಲ್ಲರೂ ಕೂತ ಪಡಸಾಲೆಯಲ್ಲಿ ಯಾರಾದರೂ ಹೇಳಬೇಕಿತ್ತು ಎಂಬ ಸಂಕಟ ನನಗಿದೆ.

ಮುತ್ಯಾನ ಮೇಲಿನ ಗೌರವ ಇದರಿಂದ ಕಡಿಮೆಯಾಯಿತೇ ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಕೇಳಿದಳು. ನನಗೆ ಹೆಚ್ಚೇ ಆಗಿದೆ. ಸಾಹೇಬರ ವೆಬ್ಲಿ ಕಟ್ಟಿಕೊಂಡು ಮೆರೆದ ಗೌಡನನ್ನು ನಾವು ಕಲ್ಪಿಸಿಕೊಂಡಿದ್ದೆವು. ಪುಸ್ತಕದಲ್ಲಿ ಸಿಕ್ಕವನು, ಆಚೆ ದಂಡೆಯ ಬೆಂಕಿ ಕಾಣುವ ದಿನಗಳಲ್ಲಿ ಸೋಲಾಪುರಕ್ಕೆ ಹೋಗಿ, ತನ್ನ ಕೈಗೆ ಎಟುಕುವ ಬೆಲೆಯ ಹಳೇ ಮಾಲನ್ನು ತಂದು, ಪಡಸಾಲೆಯಲ್ಲಿ ಮಲಗಿದ ನಿರಾಶ್ರಿತರ ಕಾವಲಿಗೆ ಎಚ್ಚರ ಕೂತವನು.

ಇಂಥ ಕಬ್ಬಿಣದ ಪೆಟ್ಟಿಗೆ ನಿಮ್ಮ ವಾಡೆಯಲ್ಲೂ ಇರಬಹುದು. ಇದ್ದರೆ ಮೊದಲು ಕಾಗದ ಹುಡುಕಿ. ಲೈಸನ್ಸು ಜೀವಂತವಿದ್ದರೆ 2016ರ ನಿಯಮಗಳ ಪ್ರಕಾರ ವಾರಸುದಾರಿಕೆಯ ಮೇಲೆ ನಿಮ್ಮ ಹೆಸರಿಗೆ ಕೇಳಬಹುದು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಆಯುಧ ಎಂಬುದು ನೆನಪಿರಲಿ. ಕಾಗದವಿಲ್ಲದ ಆಯುಧ ಸಿಕ್ಕರೆ ಅದರ ಫೋಟೊ ಗ್ರೂಪುಗಳಲ್ಲಿ ಹಾಕಿ ಬೆಲೆ ಕೇಳಬೇಡಿ, ವಕೀಲರನ್ನು ಕಂಡು ಠಾಣೆಗೆ ಒಪ್ಪಿಸುವ ದಾರಿ ನೋಡಿ. ದುರಸ್ತಿ ಮಾಡಿದರೂ ಹಾರಲಾರದಷ್ಟು ಹಾಳಾದ ಪುರಾತನ ಆಯುಧಕ್ಕೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ, ಆದರೆ ಅದು ಹಾಗೆ ಹಾಳಾಗಿದೆ ಎಂದು ನಿರ್ಧರಿಸುವವರು ನೀವಲ್ಲ. ಮತ್ತು ಮನೆಯ ಹೆಂಗಸರನ್ನು ಕೇಳಿ, ಪೂಜೆಯ ದಿನ ಅದರ ಯಾವ ಭಾಗಕ್ಕೆ ಕುಂಕುಮ ಹಚ್ಚುತ್ತಿದ್ದಿರಿ ಎಂದು.

ಅಣ್ಣ ಪೂರಾ ಒಪ್ಪಿಲ್ಲ. ಇದನ್ನೆಲ್ಲ ಓದಿ ಹೇಳಿದಾಗ, ವೆಬ್ಲಿಗೇ ಯಾರೋ ಗೂಬೆಯ ಹಿಡಿಕೆ ಕೂಡಿಸಿರಬಹುದಲ್ಲ ಎಂದ. ಚೌಕಟ್ಟಿನ ಆಕಾರವೇ ಬೇರೆ, ಒಂದರ ಹಿಡಿಕೆ ಇನ್ನೊಂದಕ್ಕೆ ಕೂಡುವುದಿಲ್ಲ ಎಂದು ಹೇಳಿ ಹೋಲ್‌ಸ್ಟರು ಮತ್ತು ಅಳತೆಪಟ್ಟಿ ಎರಡನ್ನೂ ಅವನ ಕೈಗೆ ಕೊಟ್ಟೆ. ಟಾರ್ಚು ಹಚ್ಚಿ ಗೆರೆ ಹುಡುಕಿ ಅವನೇ ಅಳೆದ, ಮೂರು ಇಂಚು ಎಂದು ಅವನೇ ಓದಿದ. ಆಮೇಲೆ ಮೊಬೈಲಿನ ಆ ವೆಬ್ಲಿಯ ಚಿತ್ರ ತೆಗೆದು, ಅದರ ನಳಿಗೆ ಎಷ್ಟು ಉದ್ದ ಎಂದು ಕೇಳಿದ.